ಜರ್ಮನಿ ಟೋಪಿಗೆ ಇಟ್ಟ ಎಡೆ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡುತ್ತೇನೆ, ನಮ್ಮ ಓನರ್ ಅಂಕಲ್ ಬಗ್ಗೆ ಆಡುವುದಕ್ಕೆ ಬೇಕಾದಷ್ಟಿದೆ. ಆದರೆ ನನಗೆ ಅವರ ಮೇಲೆ ಸಿಟ್ಟಿದೆ ಎನ್ನುವುದನ್ನು ಮೊದಲೇ ಹೇಳಿಬಿಡುವುದು ವಾಸಿ. ಹದಿಮೂರು ವರ್ಷದಿಂದ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಈ ಸಲ ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಕುಸಿದರು, ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು. ನನ್ನ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದರು. ಅದನ್ನು ವಾಪಸು ಕೊಡದೆ ಹೋದರು.

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಎಲ್ಲರ ಮನೆ ಷೋಕೇಸಿನಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ: ಚನ್ನಪಟ್ಟಣದ ಗೊಂಬೆ, ಮಕ್ಕಳಿಗೆ ಸ್ಕೂಲಿನಲ್ಲಿ ಕೊಟ್ಟ ಕಪ್ಪು, ತಿರುಪತಿಯ ಫೋಟೋ. ನಮ್ಮ ಓನರ್ ಮನೆಯ ಷೋಕೇಸಿನಲ್ಲಿ ಜರ್ಮನಿಯ ಸಿಪಾಯಿಗಳ ಏಳು ಟೋಪಿಗಳಿದ್ದವು. ನೂರು ವರ್ಷ ಹಿಂದಿನ ಮಹಾಯುದ್ಧದವು. ಕರಿ ಚರ್ಮ, ಹಣೆಯ ಮೇಲೆ ರೆಕ್ಕೆ ಬಿಚ್ಚಿದ ಹಿತ್ತಾಳೆ ಹದ್ದು, ನೆತ್ತಿಯ ಮೇಲೆ ಅರ್ಧ ಗೇಣುದ್ದದ ಒಂದು ಚೂಪು ಮೊಳೆ. ಬಾಡಿಗೆ ಮಾತಾಡಲು ಬಂದ ದಿನ ನಾನು ಅವನ್ನು ನೋಡಿ, ಇದೇನು ಅಂಕಲ್, ಗೋಪುರದ ಕಳಸ ಇದ್ದ ಹಾಗಿದೆ ಎಂದಿದ್ದೆ. ಅವರು ನಗಲಿಲ್ಲ. ನಗುವ ಜಾತಿಯೇ ಅಲ್ಲ.

"ಕತ್ತಿ ಏಟು ಬಿದ್ರೆ ಪಕ್ಕಕ್ಕೆ ಜಾರ್ಲಿ ಅಂತ ಆ ಮೊಳೆ" ಎಂದರು.

"ಗುಂಡು ಬಿದ್ರೆ?"

"ಗುಂಡಿಗೇನೂ ಮಾಡಲ್ಲ. ಚರ್ಮ ಅಷ್ಟೆ. ಉಗುರಲ್ಲಿ ಒತ್ತಿದ್ರೆ ತಗ್ಗು ಬೀಳತ್ತೆ."

"ಮತ್ತೆ ಯಾಕೆ ಹಾಕ್ತಿದ್ರು?"

"ಹಾಕು ಅಂದ್ರು, ಹಾಕ್ಕೊಂಡ್ರು."

ಅವರ ಮಾತೆಲ್ಲ ಹೀಗೆಯೇ, ಅಳತೆ ತೆಗೆದು ಕತ್ತರಿಸಿದ್ದು. ಮೂವತ್ತೆರಡು ವರ್ಷ ರಾಜಾಜಿನಗರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದವರು. ಯಾವ ವಸ್ತು ಕೈಗೆ ಬಂದರೂ ಮೊದಲು ಅದರ ಅಂಚಿನ ಮೇಲೆ ಹೆಬ್ಬೆಟ್ಟು ಆಡಿಸುತ್ತಿದ್ದರು. ನನ್ನ ಕುಕ್ಕರಿನ ಮುಚ್ಚಳವಾಗಲಿ, ಮದುವೆಯ ಕರೆಯೋಲೆಯಾಗಲಿ, ಹೆಬ್ಬೆಟ್ಟು ಒಂದು ಸುತ್ತು ಹೋಗಿಬರಲೇಬೇಕು. ಗೋಡೆಗೆ ಮೊಳೆ ಹೊಡೆಯಬೇಕೆಂದು ಕೇಳಿದರೆ ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಹಿಡಿದುಕೊಂಡು ಮೇಲೆ ಬರುತ್ತಿದ್ದರು. ಕ್ಯಾಲೆಂಡರ್ ನೇತುಹಾಕೋಕೆ ಇಷ್ಟೆಲ್ಲ ಯಾಕೆ ಅಂಕಲ್ ಎಂದರೆ, "ಒಂದು ಕೂದಲಷ್ಟು ವಾಲಿದ್ರೂ ಕಣ್ಣಿಗೆ ಗೊತ್ತಾಗತ್ತೆ ಟೀಚರಮ್ಮ" ಎನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಅದಕ್ಕೆ ಆ ಮನೆಯಲ್ಲಿ ನಾನು ಟೀಚರಮ್ಮ.

ಕಾರ್ಖಾನೆಯವರು ಅವರನ್ನು ಒಮ್ಮೆ ಆರು ತಿಂಗಳು ತರಬೇತಿಗೆಂದು ಜರ್ಮನಿಗೆ ಕಳಿಸಿದ್ದರು. ಅಲ್ಲಿಯ ಭಾನುವಾರದ ಸಂತೆಯಲ್ಲಿ ಸಿಕ್ಕಿದ್ದು ಮೊದಲನೆಯ ಟೋಪಿ. "ಜರ್ಮನಿಗೆ ಹೋದ ಗಂಡ ಏನ್ ತರ್ತಾರೋ ಅಂತ ನಾನು ಬಾಗಿಲಲ್ಲಿ ನಿಂತಿದ್ದೆ. ಯಾರೋ ಸತ್ತೋನ ಟೋಪಿ ಹಿಡ್ಕೊಂಡು ಬಂದ್ರು" ಎಂದು ಆಂಟಿ ಬಂದವರಿಗೆಲ್ಲ ಹೇಳುತ್ತಿದ್ದರು. ಆಮೇಲಿನವು ಹಳೇ ಸಾಮಾನಿನ ಅಂಗಡಿಗಳಲ್ಲಿ, ಕೆಡವುತ್ತಿದ್ದ ಹಳೇ ಬಂಗಲೆಗಳಲ್ಲಿ, ಇಲ್ಲಿಂದ ಆ ಯುದ್ಧಕ್ಕೆ ಹೋಗಿಬಂದ ಸಿಪಾಯಿಗಳ ಮೊಮ್ಮಕ್ಕಳ ಟ್ರಂಕುಗಳಲ್ಲಿ ಒಂದೊಂದಾಗಿ ಸಿಕ್ಕಿದವು. ಮೊದಲನೇ ವರ್ಷದ ಆಯುಧಪೂಜೆಗೆ ಆಂಟಿ ಭಕ್ತಿಯಿಂದ ಹದ್ದು, ಮೊಳೆ ಎರಡನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ, ದೇವರ ದೀಪದ ಹಾಗೆ ಫಳಫಳ ಹೊಳೆಯಿಸಿ, ಕುಂಕುಮ ಇಟ್ಟರಂತೆ. ಅಂಕಲ್ ಅರ್ಧ ದಿನ ಅದರ ಮುಂದೆ ಕೂತಿದ್ದರಂತೆ.

"ನೂರು ವರ್ಷದ ಬಣ್ಣ ತೆಗೆದ್ಬಿಟ್ಟೆಯಲ್ಲೇ."

"ಬಣ್ಣ ಅಲ್ಲ ಕಣ್ರೀ, ಕೊಳೆ."

ಅಂಕಲ್ ಸಾಯುವ ತನಕ ಇಬ್ಬರೂ ಒಪ್ಪದೆ ಉಳಿದ ಜಗಳ ಅದೊಂದೇ ಎಂದು ನಾನು ತುಂಬ ದಿನ ಅಂದುಕೊಂಡಿದ್ದೆ.

ಅವರಿಗೆ ಒಬ್ಬನೇ ಮಗ, ಮಂಜು. ನಾನು ಬಂದಾಗ ಇಪ್ಪತ್ತನಾಲ್ಕು ವರ್ಷ. ನನ್ನ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಒಂದೇ ಉಸಿರಿಗೆ ಮಹಡಿ ಹತ್ತುತ್ತಿದ್ದ. ಎರಡು ಕೆಲಸ ಹಿಡಿದು ಎರಡನ್ನೂ ಬಿಟ್ಟಿದ್ದ. ಅಪ್ಪನ ಕಣ್ಣಿಗೆ ಅವನು ಯಾವಾಗಲೂ ಒಂದು ಕೂದಲಷ್ಟು ವಾಲಿದವನೇ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ತಿಂಡಿ ತಿನ್ನುವಾಗ ಅಪ್ಪ ಏನೋ ಅಂದರು, ಮಗ ಏನೋ ಅಂದ, ಕೊನೆಗೆ ಅಪ್ಪ, "ನೀನು ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದುಬಿಟ್ಟರು. ಮಂಜು ಕೈ ತೊಳೆದು, ತಟ್ಟೆ ತೊಳೆದಿಟ್ಟು, ಗಾಡಿ ತೆಗೆದುಕೊಂಡು ಹೋದ. ಗಾಡಿ ಕೆಂಗೇರಿ ರೈಲ್ವೆ ಸ್ಟೇಷನ್ನಿನ ಮುಂದೆ ಸಿಕ್ಕಿತು. ಅವನು ಸಿಗಲಿಲ್ಲ. ಫೋನ್ ಅವತ್ತೇ ಆಫ್ ಆಗಿತ್ತು. ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟರು, ಪೋಸ್ಟರ್ ಅಂಟಿಸಿದರು, ಸಿದ್ಧಗಂಗೆಯಿಂದ ಧರ್ಮಸ್ಥಳದವರೆಗೆ ಎಲ್ಲೆಲ್ಲಿ ಅನ್ನ ಹಾಕುತ್ತಾರೋ ಅಲ್ಲೆಲ್ಲ ಹುಡುಕಿದರು. ಹಸಿದವನು ಅಲ್ಲಿಗಾದರೂ ಬಂದಾನು ಎನ್ನುವುದು ಆಂಟಿಯ ಲೆಕ್ಕ.

ಅಲ್ಲಿಂದ ಅಂಕಲ್‌ಗಿದ್ದ ಟೋಪಿಯ ಹುಚ್ಚೂ ಬೇರೆ ದಾರಿ ಹಿಡಿಯಿತು. ಅಂಥ ಟೋಪಿಗಳಲ್ಲಿ ಕೆಲವಕ್ಕೆ ಒಳಗಡೆ ಚರ್ಮದ ಪಟ್ಟಿಯ ಮೇಲೆ ಸಿಪಾಯಿಯ ಹೆಸರನ್ನು ಮಸಿಯಲ್ಲಿ ಬರೆದಿರುತ್ತದೆ. ಮೊದಲು ಅವರು ಹದ್ದು ನೋಡುತ್ತಿದ್ದರು, ಹೊಲಿಗೆ ನೋಡುತ್ತಿದ್ದರು. ಈಗ ಟೋಪಿ ಕೈಗೆ ಬಂದ ಕೂಡಲೆ ತಲೆಕೆಳಗು ಮಾಡಿ ಒಳಗೆ ಟಾರ್ಚ್ ಬಿಡುತ್ತಿದ್ದರು. ಹೆಸರಿಲ್ಲದಿದ್ದರೆ ಎಂಥ ಟೋಪಿಯಾದರೂ ಬೇಡ. ಇದ್ದರೆ ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ನನ್ನ ಬಾಗಿಲು ತಟ್ಟುತ್ತಿದ್ದರು.

"ಟೀಚರಮ್ಮ, ಇವನ ಕಥೆ ಏನಾಯ್ತು ನೋಡಿ."

ನೋಡುವುದು ಎಂದರೆ ಜರ್ಮನಿಯ ದಾಖಲೆ ಕಚೇರಿಗಳಿಗೆ ಅವರ ಪರವಾಗಿ ಇಂಗ್ಲಿಷಿನಲ್ಲಿ ಮೇಲ್ ಬರೆಯುವುದು, ಇಂಟರ್‌ನೆಟ್ಟಿನಲ್ಲಿರುವ ಆ ಕಾಲದ ಪಟ್ಟಿಗಳನ್ನು ತಡಕುವುದು. ಆ ಯುದ್ಧದ ಸಿಪಾಯಿಗಳ ಪಟ್ಟಿ ಇದೆ, ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಎಂದು. ನಾನು ಪರೀಕ್ಷೆ ಪೇಪರ್ ತಿದ್ದುವುದು ಬಿಟ್ಟು ಅದರಲ್ಲಿ ಬಿದ್ದೆ. ಒಬ್ಬ ಗಾಯಗೊಂಡು ಊರು ಸೇರಿದ್ದ. ಇಬ್ಬರು ಸತ್ತಿದ್ದರು. ಸತ್ತಿದ್ದು ಗೊತ್ತಾದಾಗ ಅವರು "ಹಂಗಾದ್ರೆ ಸರಿ" ಎನ್ನುತ್ತಿದ್ದರು. ಇದೆಂಥ ಮಾತು ಎಂದು ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಆಮೇಲೆ ಅರ್ಥವಾಯಿತು. ಅವರಿಗೆ ಬೇಕಿದ್ದದ್ದು ಬದುಕಿದನೋ ಸತ್ತನೋ ಎನ್ನುವುದಲ್ಲ, ಕೊನೆಗೆ ಏನಾದ ಎನ್ನುವುದು.

ಕಾರ್ಲ್ ಎನ್ನುವವನೊಬ್ಬನ ಹೆಸರಿನ ಮುಂದೆ ಮಾತ್ರ ಕಾಣೆಯಾದವನು ಎಂದಿತ್ತು. ಅಲ್ಲಿಂದ ಮುಂದೆ ಎಲ್ಲಿಯೂ ಅವನ ಸುದ್ದಿಯಿಲ್ಲ. ನಾನು ನಾಲ್ಕು ಕಡೆಗೆ ಬರೆದೆ. ಎಲ್ಲರೂ ಮರ್ಯಾದೆಯಾಗಿ ಗೊತ್ತಿಲ್ಲ ಎಂದರು. ಅಂಕಲ್ ಆ ಟೋಪಿಯನ್ನು ಷೋಕೇಸಿನ ಮಧ್ಯದ ಅರೆಯಲ್ಲಿ ಬೇರೆಯಾಗಿ ಇಟ್ಟರು. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆಂದು ವಾರಕ್ಕೊಮ್ಮೆ ಹಳೇ ಪಂಚೆಯ ತುಂಡಿನಿಂದ ಒರೆಸುವಾಗ ಅದನ್ನು ಕೊನೆಗೆ ಉಳಿಸಿಕೊಂಡು ನಿಧಾನವಾಗಿ ಒರೆಸುತ್ತಿದ್ದರು. ಆಂಟಿ ಅವನಿಗೆ ಕಾರ್ಲಪ್ಪ ಎಂದು ಹೆಸರಿಟ್ಟರು. "ನಿಮ್ ಕಾರ್ಲಪ್ಪನ ಸೇವೆ ಆಯ್ತಾ? ಕಾಫಿ ಆರ್ತಿದೆ" ಎನ್ನುತ್ತಿದ್ದರು.

ಆಂಟಿಯ ಕಾಯುವ ರೀತಿ ಬೇರೆ. ದಿನಾ ಅಕ್ಕಿ ಅಳೆಯುವಾಗ ಒಂದು ಹಿಡಿ ಜಾಸ್ತಿ ಹಾಕುತ್ತಿದ್ದರು. ಮಿಕ್ಕಿದ್ದನ್ನು ರಾತ್ರಿ ಅವರೇ ಮೊಸರು ಹಾಕಿಕೊಂಡು ಉಣ್ಣುತ್ತಿದ್ದರು. ಐದು ವರ್ಷ ಕಳೆದಾಗ ಅವರ ನಾದಿನಿ ಬಂದು, ಇಷ್ಟು ದಿನ ಆಯ್ತು ಅತ್ತಿಗೆ, ಪಿತೃಪಕ್ಷದಲ್ಲಿ ಅವನಿಗೂ ಒಂದು ಎಲೆ ಹಾಕಿಬಿಡಿ, ಇದ್ದರೆ ಇರಲಿ, ಇಲ್ಲದಿದ್ದರೆ ಆತ್ಮಕ್ಕೆ ಶಾಂತಿಯಾದರೂ ಸಿಗಲಿ ಎಂದರು. ಆಂಟಿ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

"ಬದುಕಿರೋ ಮಗನಿಗೆ ಎಡೆ ಇಡು ಅಂತೀಯಾ? ನಿನ್ ಬಾಯಲ್ಲಿ ಹೆಂಗ್ ಬಂತು ಈ ಮಾತು? ಕಾಫಿ ಕುಡಿದಾಯ್ತಲ್ಲ, ಹೊರಡು."

ಅಂಕಲ್ ಪೇಪರ್ ಓದುತ್ತ ಕೂತಿದ್ದರು. ಪುಟ ತಿರುಗಿಸಲಿಲ್ಲ.

ಆರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ನಾನು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಂಕಲ್ ಮೇಲೆ ಬಂದರು. ಯಾವಾಗಲೂ ಬಾಗಿಲು ತಟ್ಟುವವರು ಅವತ್ತು ತಟ್ಟಲಿಲ್ಲ. ಕೈಯಲ್ಲಿ ಎರಡು ಹಾಳೆ. ಇಂಗ್ಲಿಷಿನಲ್ಲಿತ್ತು. "ಓದಿ ಹೇಳಿ" ಎಂದರು. ಮತ್ತೊಬ್ಬ ಜರ್ಮನ್ನೇ ಇರಬೇಕೆಂದು ನಾನು ಕನ್ನಡಕ ಹಾಕಿಕೊಂಡೆ.

ಬೇರೆ ರಾಜ್ಯದ ರೈಲ್ವೆ ಪೊಲೀಸರು ಕಳಿಸಿದ ಕಾಗದ, ಇಲ್ಲಿಯ ಪೊಲೀಸ್ ಸ್ಟೇಷನ್ನಿಗೆ ಕರೆಸಿ ಕೊಟ್ಟರಂತೆ. ಹಳಿಯ ಪಕ್ಕದಲ್ಲಿ ಸಿಕ್ಕ ಗುರುತಿಲ್ಲದ ಗಂಡಸಿನ ಶವ. ಸಿಕ್ಕಿದ್ದು ಅದಕ್ಕೂ ಐದು ವರ್ಷ ಹಿಂದೆ, ಮಂಜು ಮನೆ ಬಿಟ್ಟ ಹತ್ತನೆಯ ದಿನ. ಯಾರೂ ಬಾರದಿದ್ದರಿಂದ ಅಲ್ಲೇ ಹೂಳಿದ್ದರು. ಹೊಸದಾಗಿ ಬಂದ ಯಾರೋ ಅಧಿಕಾರಿ ಹಳೇ ಕಡತ ತೆಗೆದು ಬೇರೆ ಊರುಗಳ ದೂರಿನ ಜತೆ ಹೊಂದಿಸಿ ನೋಡಿದ್ದರು. ಎರಡನೆಯ ಹಾಳೆಯಲ್ಲಿ ಒಂದು ಕೀ ಬಂಚಿನ ಫೋಟೋ, ಅದರಲ್ಲಿ ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೆ ಮಂಜು ಎಂದು ಇಂಗ್ಲಿಷಿನಲ್ಲಿ ಹೊಡೆದ ಅಕ್ಷರ. ನಾನು ಓದಿ ಮುಗಿಸುವವರೆಗೆ ಅವರು ನಿಂತೇ ಇದ್ದರು. ಆಮೇಲೆ ಫೋಟೋದ ಮೇಲೆ ಹೆಬ್ಬೆಟ್ಟು ಆಡಿಸಿದರು.

"ಟೂಲ್ ರೂಮಲ್ಲಿ ನಾನೇ ಪಂಚ್ ಹೊಡೆದಿದ್ದು. ಆ ಮೂರನೇ ಅಕ್ಷರ ನೋಡಿ, ವಾಲಿದೆ. ಬೇರೆ ಮಾಡ್ಕೊಡ್ತೀನಿ ಕೊಡೋ ಅಂದ್ರೆ, ಇರ್ಲಿ ಬಿಡಪ್ಪ ಚೆನ್ನಾಗಿದೆ ಅಂದಿದ್ದ."

ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಕುರ್ಚಿಯಲ್ಲಿ ಕೂತು, ಕೈ ಚಾಚಿ, "ಮಾತು ಕೊಡಿ, ಇವಳಿಗೆ ಹೇಳಲ್ಲ ಅಂತ" ಎಂದರು.

"ಅವರ ಮಗ ಅಂಕಲ್. ಅವರಿಗೆ ಗೊತ್ತಾಗ್ಬೇಕು."

"ಗೊತ್ತಾಗಿ ಏನ್ ಮಾಡ್ತಾಳೆ? ದಿನಾ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತಾಳಲ್ಲ, ಆ ಹಿಡಿಗೋಸ್ಕರ ಬೆಳಗ್ಗೆ ಎದ್ದೇಳ್ತಾಳೆ. ಅದನ್ನೂ ಕಿತ್ಕೊಳ್ಳಲಾ? ನಾನು ಕಿತ್ಕೊಂಡಿರೋದು ಸಾಲ್ದಾ?"

ಕೊಟ್ಟೆ. ಕೊಡಬಾರದಿತ್ತು. ಅವತ್ತು ಅವರ ಕೈ ಹಾಗೇ ಗಾಳಿಯಲ್ಲಿ ಚಾಚಿತ್ತು, ಅದನ್ನು ನೋಡಿಕೊಂಡು ಇಲ್ಲ ಎನ್ನುವ ಗಟ್ಟಿತನ ನನಗಿರಲಿಲ್ಲ.

ಮುಂದಿನ ವಾರ ಅವರು ಆ ಊರಿಗೆ ಹೋಗಿಬಂದರು, ಅಲ್ಲೊಂದು ಟೋಪಿ ಇದೆಯಂತೆ ಎಂದು ಆಂಟಿಗೆ ಹೇಳಿ. ಬರಿಗೈಲಿ ಬಂದಾಗ, ಈ ವಯಸ್ಸಲ್ಲಿ ಟೋಪಿ ಟೋಪಿ ಅಂತ ಊರೂರು ಅಲೀತೀರಲ್ಲ, ನಾಚಿಕೆ ಆಗಲ್ವಾ ಎಂದು ಆಂಟಿ ಬೈಯುತ್ತಿದ್ದದ್ದು ಮೇಲಕ್ಕೆ ಕೇಳಿಸಿತು. ಸಂಜೆ ಅಂಕಲ್ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಟೆರೇಸಿಗೆ ಬಂದು ನನಗೆ ಹೇಳಿದರು:

"ನಂಬರ್ ಬರೆದ ಕಲ್ಲು ಇತ್ತಂತೆ, ಮಳೆಗೆ ಅಳಿಸಿ ಹೋಗಿದೆ. ಮೂರು ದಿಬ್ಬ ಇತ್ತು. ಯಾವ್ದು ಅಂತ ಅವರಿಗೂ ಗೊತ್ತಿಲ್ಲ. ಮೂರಕ್ಕೂ ಕೈ ಮುಗಿದು ಬಂದೆ."

ಆ ವರ್ಷದ ಮಹಾಲಯ ಅಮಾವಾಸ್ಯೆ ಬಂತು. ಆ ಮನೆಯಲ್ಲಿ ಹಿರಿಯರ ಹಬ್ಬವೆಂದರೆ ದೊಡ್ಡ ಹಬ್ಬ. ಸತ್ತವರ ಫೋಟೋಗಳ ಮುಂದೆ ಬಾಳೆಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದ ಮುದ್ದೆ, ಕೋಳಿಸಾರು, ಕಡುಬು, ಎಲೆ ಅಡಿಕೆ ಎಲ್ಲ ಬಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕಾಯುತ್ತಾರೆ, ಬಂದವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಕೋಳಿಸಾರಿನಲ್ಲಿದೆ, ಅದಕ್ಕೆ ಪ್ರತಿ ವರ್ಷ ಹೋಗುತ್ತಿದ್ದೆ. ಅವತ್ತು ಹೋದಾಗ ಅಂಕಲ್ ತಮ್ಮ ಅಪ್ಪ ಅಮ್ಮನ ಎಲೆಗಳ ಪಕ್ಕದಲ್ಲಿ ಇನ್ನೊಂದು ಎಲೆ ಹಾಸುತ್ತಿದ್ದರು. ಎಲೆಯ ಹಿಂದೆ ಒಂದು ಮಣೆ, ಮಣೆಯ ಮೇಲೆ ಕಾರ್ಲನ ಟೋಪಿ.

"ಇದ್ಯಾಕ್ರೀ? ಚರ್ಮದ್ದು ತಂದು ಹಿರೀರ ಪಕ್ಕ ಇಡ್ತೀರಲ್ಲ!"

"ಇವನಿಗೆ ಯಾರೂ ಇಲ್ಲ ಕಣೇ. ಕಾಣೆಯಾದೋನು ಅಂತ ಅವನ ಮನೇಲೂ ಎಡೆ ಇಟ್ಟಿರಲ್ಲ. ನೂರು ವರ್ಷದಿಂದ ಹಸ್ಕೊಂಡಿದಾನೆ."

ಆಂಟಿ ಟೋಪಿಯನ್ನು ನೋಡಿದರು. "ಯಾರ್ ಹೆತ್ತ ಮಗನೋ ಪಾಪ" ಎಂದು ಸೌಟು ತೆಗೆದುಕೊಂಡು ಬಂದು ಅವರೇ ಬಡಿಸಿದರು. ಅಂಕಲ್ ಜೇಬಿನಿಂದ ಪೊಟ್ಟಣ ತೆಗೆದು ಎಲೆಯ ಮೂಲೆಗೆ ಎರಡು ಖಾರಾ ಬನ್ ಇಟ್ಟರು. ಜರ್ಮನಿಯವರು ಬ್ರೆಡ್ಡು ತಿನ್ನೋರು ಎಂದರು. "ನಮ್ ಮಂಜುಗೂ ಇದು ಅಂದ್ರೆ ಪ್ರಾಣ. ಬಂದ್ಮೇಲೆ ತರಿಸ್ಬೇಕು" ಎಂದರು ಆಂಟಿ. ಆಮೇಲೆ ಇಬ್ಬರೂ ಕೈ ಮುಗಿದು, "ಬಾರಪ್ಪ ಕಾರ್ಲ್, ಊಟ ಮಾಡು ಬಾ" ಎಂದು ಕರೆದರು. ಅಂಕಲ್ ದನಿ ನಡುಗಿತು. ಆಂಟಿಗೆ ಅದು ಸಾಂಬ್ರಾಣಿ ಹೊಗೆಯಿಂದ ಎನಿಸಿತು. ನಾನು ಕೋಳಿಸಾರು ತಿನ್ನದೆ ಮೇಲೆ ಬಂದೆ.

ಹೀಗೆ ಆರು ಅಮಾವಾಸ್ಯೆ ನಡೆಯಿತು. ಈ ಆರು ವರ್ಷದಲ್ಲಿ ಅವರು ಒಂದೂ ಹೊಸ ಟೋಪಿ ತರಲಿಲ್ಲ. ನನ್ನ ಹತ್ತಿರ ಮೇಲ್ ಬರೆಸಲಿಲ್ಲ. ಬೀದಿಯ ಹುಡುಗರು ಯಾರಾದರೂ ಬಂದು, ಅಂಕಲ್, ಒಂದ್ಸಲ ಹಾಕ್ಕೊಂಡು ಸೆಲ್ಫಿ ತಗೋತೀವಿ ಎಂದರೆ, ಮೊದಲಿನ ಹಾಗೆ ಗದರಿಸುತ್ತಿರಲಿಲ್ಲ, ಷೋಕೇಸಿಗೆ ಅಡ್ಡವಾಗಿ ಬಂದು ನಿಲ್ಲುತ್ತಿದ್ದರು. ಒಂದೆರಡು ಸಲ ನಾನೇ ಕೇಳಿದೆ, ಇನ್ನಾದರೂ ಹೇಳಬಾರದೇ ಎಂದು. "ಮುಂದಿನ ವರ್ಷ" ಎಂದರು. ಕೂದಲಷ್ಟು ವಾಲಿದರೂ ಕಂಡುಹಿಡಿಯುವ ಮನುಷ್ಯ, ತನ್ನ ಹೆಂಡತಿಯ ಎದುರಿಗೆ ಇಷ್ಟು ದೊಡ್ಡ ಸುಳ್ಳನ್ನು ದಿನಾ ನೆಟ್ಟಗೆ ನಿಲ್ಲಿಸಿಕೊಂಡು ಹೇಗೆ ಬದುಕಿದರೋ ನನಗೆ ಗೊತ್ತಿಲ್ಲ. ಪ್ರೀತಿಯಿಂದ ಎನ್ನುವುದು ಗೊತ್ತು. ಹೆದರಿಕೆಯಿಂದ ಎನ್ನುವುದೂ ಗೊತ್ತು. ಮಗ ಸತ್ತ ಎಂದು ಹೇಳಿದರೆ ಯಾಕೆ ಸತ್ತ ಎಂದೂ ಹೇಳಬೇಕಾಗುತ್ತಿತ್ತು.

ಅವರು ಹೋದ ಮೇಲೆ ಈ ವರ್ಷದ ಅಮಾವಾಸ್ಯೆಗೆ ಆಂಟಿ ನನ್ನನ್ನು ಮಧ್ಯಾಹ್ನವೇ ಕರೆದರು. ನಾದಿನಿ ಬರುವುದು ತಡವಾಗುತ್ತದಂತೆ. ಮೂರು ಎಲೆ ಹಾಕಿದ್ದರು, ಅತ್ತೆಗೆ, ಮಾವನಿಗೆ, ಅಂಕಲ್‌ಗೆ. ಅವರ ಎಲೆಯ ಹಿಂದೆ ಹೊಸ ಪಂಚೆ, ಹೊಸ ಷರ್ಟು. ಟೋಪಿ ಷೋಕೇಸಿನಲ್ಲೇ ಇತ್ತು.

"ಕಾರ್ಲನಿಗೆ ಇಡಲ್ವಾ ಆಂಟಿ?"

"ಅದು ಅವರದ್ದು ಹುಚ್ಚು. ಅವರೇ ಹೋದ್ಮೇಲೆ ಇನ್ನೇನು. ಅವರ ಜತೇಲೇ ಕೂತು ತಿನ್ಲಿ ಬಿಡಿ."

"ಇಡಿ ಆಂಟಿ. ಒಂದು ಎಲೆ ತಾನೇ."

"ನಿಮಗೆ ಇದ್ರಲ್ಲೆಲ್ಲ ನಂಬಿಕೆ ಇಲ್ವಲ್ಲ ಟೀಚರಮ್ಮ."

"ಇಲ್ಲ. ಆದ್ರೂ ಇಡಿ."

ನನ್ನ ದನಿಯಲ್ಲಿ ಏನಿತ್ತೋ. ಅವರು ಸೌಟನ್ನು ಪಾತ್ರೆಯಲ್ಲಿ ಬಿಟ್ಟು ನನ್ನ ಮುಖ ನೋಡಿದರು. ಸತ್ತವರಿಗೆ ಕೊಟ್ಟ ಮಾತು ದೊಡ್ಡದೋ, ಎದುರಿಗಿರುವವರ ಕಣ್ಣು ದೊಡ್ಡದೋ ಎಂದು ನಾನು ಯೋಚನೆ ಮಾಡಲಿಲ್ಲ. ಹೇಳಿಬಿಟ್ಟೆ. ಕಾಗದ, ಹಳಿ, ಬಿಲ್ಲೆ, ಮೂರು ದಿಬ್ಬ, ಎಲ್ಲವನ್ನೂ.

ಅವರು ಅಳಲಿಲ್ಲ. ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತರು. "ಯಾವ ತಿಂಗಳು?" ಎಂದು ಕೇಳಿದರು, ಹೇಳಿದೆ. "ಮನೆ ಬಿಟ್ಟ ಹತ್ತೇ ದಿನಕ್ಕಾ?" ಎಂದರು, ಹೌದು ಎಂದೆ. ಬೆರಳು ಮಡಚಿ ಹನ್ನೊಂದು ವರ್ಷ ಎಣಿಸಿದರು. ನನಗೆ ಏನಾದರೂ ಸಮಾಧಾನ ಹೇಳಬೇಕಿತ್ತು. ನನ್ನ ಹತ್ತಿರ ಇದ್ದದ್ದು ಒಂದೇ.

"ಆ ಟೋಪಿ ಮುಂದಿನ ಎಲೆ ಮಂಜುದೇ ಆಂಟಿ. ಅಂಕಲ್ ಅವನಿಗೇ ಅಂತ ಇಟ್ಟಿದ್ದು. ಆರು ವರ್ಷ ನಿಮ್ ಕೈಯಿಂದಲೇ ಅವನಿಗೆ ಬಡಿಸಿದೀರ. ಅವನು ಹಸ್ಕೊಂಡಿಲ್ಲ."

ಆಂಟಿ ತಲೆ ಎತ್ತಿದರು.

"ಕರೆದಿದ್ದು ಯಾರನ್ನ?"

ನಾನು ಷೋಕೇಸಿನ ಕಡೆ ನೋಡಿದೆ.

"ಅವರೂ ಕಾರ್ಲ್ ಬಾರಪ್ಪ ಅಂದ್ರು. ನಾನೂ ಕಾರ್ಲ್ ಬಾರಪ್ಪ ಅಂದೆ. ನನ್ ಮಗ ಬಂದಿದ್ರೂ ಬಾಗಿಲಲ್ಲೇ ನಿಂತಿರ್ತಾನೆ. ಬೇರೆಯವನ ಹೆಸರು ಕೂಗಿ ಹಾಕಿದ ಎಲೆಗೆ ಅವನು ಕೈ ಹಾಕಲ್ಲ ಟೀಚರಮ್ಮ. ಹಂಗೆ ಬೆಳೆಸಿಲ್ಲ ನಾನು ಅವನ್ನ."